ಜಿ ಮೇಜರ್ ಬಿಟ್ಟು ಹೋಗುವ ಭಯ

ಚಿಕ್ಕಬಳ್ಳಾಪುರ, ಮಿಷನ್ ಕಾಂಪೌಂಡು

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ವಿದೇಶಕ್ಕೆ ಒಬ್ಬಳೇ ಹೋಗಿಬಂದವಳು ಎಂದ ಕೂಡಲೇ ನೀವು ಬೇರೆ ಯಾರನ್ನೋ ಕಲ್ಪಿಸಿಕೊಂಡೀರಿ. ನನಗೆ ಲಿಫ್ಟ್ ಕಂಡರೆ ಭಯ, ಮೆಟ್ಟಿಲ ಬಾವಿ ಕಂಡರೆ ಭಯ, ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಇಳಿಯುವ ಊರು ದಾಟಿಹೋದೀತೆಂಬ ಭಯ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ಮಕ್ಕಳು ನನ್ನನ್ನು ಕಂಡರೆ ನಡುಗುತ್ತಾರೆಂದು ಜೊತೆಯ ಮೇಷ್ಟ್ರುಗಳು ಹೇಳುತ್ತಾರೆ. ಪಾಪ, ಮಕ್ಕಳಿಗೆ ನಿಜ ಗೊತ್ತಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ, ಒಂದು ಬೇಸಿಗೆ ರಜೆಯಲ್ಲಿ ನಾನು ಜರ್ಮನಿಗೆ ಹೋದದ್ದು ಊರು ನೋಡಲಿಕ್ಕಲ್ಲ. ಪಿಯಾನೋ ಮತ್ತು ತಂತಿವಾದ್ಯಗಳಿಗಾಗಿ ಒಂದು ರೊಂಡೊ ಬರೆಯಲಿಕ್ಕೆ. ರೊಂಡೊ ಎಂದರೆ ಹೆದರಬೇಡಿ, ಹೆದರುವುದಕ್ಕೆ ನಾನಿದ್ದೇನೆ. ಒಂದು ರಾಗದ ತುಣುಕು ಮೊದಲು ಬರುತ್ತದೆ. ಆಮೇಲೆ ಸಂಗೀತ ಬೇರೆಲ್ಲೋ ಸುತ್ತಾಡಿ ಮತ್ತೆ ಅದೇ ತುಣುಕಿಗೆ ಬರುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ನಮ್ಮ ಹಾಡಿನ ಪಲ್ಲವಿ ಇದ್ದ ಹಾಗೆಯೇ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದದ್ದರಿಂದಲೇ ಪಡಬಾರದ ಪಾಡು ಪಟ್ಟೆ, ಅದನ್ನು ಮುಂದೆ ಹೇಳುತ್ತೇನೆ.

ಮೇಲೂರಿನ ಭಜನೆಯವರ ಮಗಳಾದ ನನಗೆ ಪಿಯಾನೋ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಎಸ್ತರ್ ಮಿಸ್‌ನಿಂದ ಬಂತು. ನಾನು ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ, ಮಿಷನ್ ಕಾಂಪೌಂಡಿನ ಚಾಪೆಲಿನಲ್ಲಿ ಭಾನುವಾರದ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದವರು ಅವರು. ಕಿಟಕಿಯಲ್ಲಿ ಇಣುಕುತ್ತಿದ್ದ ನನ್ನನ್ನು ಒಂದು ದಿನ ಕರೆದು ಕೂರಿಸಿದರು. ಅಪ್ಪನಿಗೆ ಹೆದರಿ ಹೆದರಿ ಹೇಳಿದರೆ, ಅವನು ತನ್ನ ಹಾರ್ಮೋನಿಯಂ ಒರೆಸುತ್ತಾ, "ಯಾವ್ ಪೆಟ್ಟಿಗೆ ಆದ್ರೇನ್ ಪಾಪ, ಶ್ರುತಿ ಬಿಡದಂಗೆ ನುಡ್ಸು" ಎಂದಿದ್ದ.

ನಾನು ಮೇಡಂ ಆದ ಮೇಲೂ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೀದಾ ಮಿಸ್ ಮನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಅವರಿಗೆ ಕಿವಿ ಹೋಗತೊಡಗಿತ್ತು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೊರಟು ನಿಂತಿತ್ತು. ಬೆಂಗಳೂರಿನ ಡಾಕ್ಟರು ಕೈಚೆಲ್ಲಿದ್ದರು. ಆಗಲೇ ಬೆಂಗಳೂರಿನ ಒಂದು ಜರ್ಮನ್ ಭಾಷಾ ಕೇಂದ್ರದಿಂದ ಜರ್ಮನಿಯ ಈ ಸಂಗೀತ ಶಿಬಿರದ ಸುದ್ದಿ ಬಂದದ್ದು. ನೂರೆಪ್ಪತ್ತು ವರ್ಷದ ಹಿಂದೆ ಅಲ್ಲಿಯವರು ಬರೆಯುತ್ತಿದ್ದ ಧಾಟಿಯಲ್ಲಿ ಹವ್ಯಾಸಿಗಳು ಒಂದೊಂದು ರೊಂಡೊ ಬರೆಯಬೇಕು. ಮುಗಿಸಿದವರದ್ದನ್ನು ಕೊನೆಯ ದಿನ ತಂತಿವಾದ್ಯದವರ ಜೊತೆ ಅವರೇ ನುಡಿಸಬೇಕು, ಅದನ್ನು ಕ್ಯಾಸೆಟ್ಟಿಗೆ ಹಿಡಿದು ಕೊಡುತ್ತಾರೆ. ನಾನು ಸುಮ್ಮನೆ ಕಟ್ಟಿದ್ದ ಒಂದು ರಾಗವನ್ನು ಮಿಸ್ ನನಗೆ ಹೇಳದೆಯೇ ಕಳಿಸಿದ್ದರು. ಬನ್ನಿ ಎಂದು ಕರೆಯೂ ಬಂತು, ಟಿಕೆಟ್ಟೂ ಬಂತು.

"ಮಿಸ್, ನಂಗೆ ಭಯ ಆಗ್ತದೆ" ಎಂದೆ, ಅವರ ಎಡಗಡೆಗೆ ಹೋಗಿ ನಿಂತು.

"ಆಗ್ಲಿ ಬಿಡಮ್ಮ" ಎಂದರು ಮಿಸ್. ಕಿವಿ ಮಂದವಾದ ಮೇಲೆ ಅವರು ಮಾತೆಲ್ಲ ಗಟ್ಟಿಯಾಗಿಯೇ ಆಡುತ್ತಿದ್ದರು. "ಭಯ ಇಟ್ಕೊಂಡೇ ಹೋಗು. ಈ ಎಡಗಿವಿ ಇನ್ನೂ ಒಂಚೂರು ಕೆಲಸ ಮಾಡ್ತಿದೆ ಕಣೇ. ಅದು ಮುಚ್ಕೊಳ್ಳೋದ್ರೊಳಗೆ ನಿನ್ನದು ಅಂತ ಒಂದು ಕೇಳ್ಬೇಕು ನಾನು. ಚೆನ್ನಾಗಿರೋದು ತಾ ಅಂತ ಹೇಳ್ತಿಲ್ಲ, ಮುಗಿಸಿರೋದು ತಾ."

ನಾನು ಅದುವರೆಗೆ ಕಟ್ಟಿದ ಒಂದು ರಾಗವನ್ನೂ ಕೊನೆ ಮುಟ್ಟಿಸಿರಲಿಲ್ಲ. ಅದು ಅವರಿಗೆ ಗೊತ್ತಿತ್ತು.

ಫ್ರಾಂಕ್‌ಫರ್ಟಿನಲ್ಲಿ ಹುರಿಹಿಟ್ಟು

ವಿಮಾನದಲ್ಲಿ ನಾನು ಕೂತ ಕುರ್ಚಿಯ ಕೈಗಳನ್ನು ಇಡೀ ಪ್ರಯಾಣ ಹಿಡಿದುಕೊಂಡೇ ಇದ್ದೆ ಎಂಬುದು ಬಿಟ್ಟರೆ ಹೇಳುವಂಥದ್ದು ಏನೂ ನಡೆಯಲಿಲ್ಲ. ನಡೆದದ್ದೆಲ್ಲ ಇಳಿದ ಮೇಲೆ.

ಅಲ್ಲಿ ಏನು ತಿನ್ನಲು ಸಿಗುತ್ತದೋ ಇಲ್ಲವೋ ಎಂದು ಅಮ್ಮ ರಾಗಿ ಹುರಿಹಿಟ್ಟು ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೇಲೆ ಇನ್ನೊಂದು ಚೀಲ ಸುತ್ತಿ, ದಾರ ಬಿಗಿದು ಕೊಟ್ಟಿದ್ದಳು. ತಪಾಸಣೆಯ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿ ಅದನ್ನು ಎತ್ತಿಕೊಂಡ. ಕಂದುಬಣ್ಣದ ನುಣುಪು ಪುಡಿ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಆ ಕ್ಷಣ ಇಂಗ್ಲಿಷ್ ಎಂಬ ಭಾಷೆಯೇ ಮರೆತುಹೋಯಿತು. "ರಾಗಿ" ಎಂದೆ. ಅವನು ಇನ್ನೊಬ್ಬಳನ್ನು ಕರೆದ. ಅವಳು ಮೂಸಿ ನೋಡಿ ಮೂರನೆಯವನನ್ನು ಕರೆದಳು. ರಾಗಿಹಿಟ್ಟಿಗಾಗಿ ಜರ್ಮನಿಯ ಜೈಲು ಸೇರಿದ ಮೇಲೂರಿನ ಹೆಂಗಸು ನಾನೊಬ್ಬಳೇ ಆದೇನು ಎಂದುಕೊಂಡೆ.

ತಿನ್ನುವ ವಸ್ತು ಎಂದು ತೋರಿಸಬೇಕೆನ್ನಿಸಿ, ಗಂಟು ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣ ಹುರಿಹಿಟ್ಟು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆಂದು ನಮ್ಮ ಕಡೆಯ ಮಗುವಿಗೂ ಗೊತ್ತು. ಅಂಗುಳಕ್ಕೆ ಅಂಟಿಕೊಂಡು, ನೆತ್ತಿಗೇರಿ, ಕೆಮ್ಮಿನ ಜೊತೆ ಅರ್ಧ ಹಿಟ್ಟು ಆ ಅಧಿಕಾರಿಯ ನೀಲಿ ಅಂಗಿಯ ಮೇಲೆ ಹಾರಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವನು ಓಡಿಹೋಗಿ ನೀರು ತಂದುಕೊಟ್ಟ. ನಾನು ಕುಡಿದು ಮುಗಿಸುವವರೆಗೂ ಮೂವರೂ ಕಾದು ನಿಂತಿದ್ದು, ಚೀಲವನ್ನು ಮತ್ತೆ ಗಂಟು ಹಾಕಿ ಪೆಟ್ಟಿಗೆಯಲ್ಲಿಟ್ಟು, ಹೋಗಿಬನ್ನಿ ಎಂಬಂತೆ ಕೈ ಮಾಡಿದರು.

ಎರಡು ತುಂಡಾದ ರೈಲು

ಶಿಬಿರ ನಡೆಯುತ್ತಿದ್ದ ಊರು ನದಿ ದಂಡೆಯ ಒಂದು ಸಣ್ಣ ಊರು. ಅದರ ಹೆಸರಿಗೆ ಇವತ್ತಿಗೂ ನನ್ನ ನಾಲಿಗೆ ಸರಿಯಾಗಿ ಹೊರಳುವುದಿಲ್ಲ. ಅಲ್ಲಿಗೆ ಹೋಗುವ ರೈಲು ಹತ್ತಿ ಕಿಟಕಿ ಪಕ್ಕದಲ್ಲಿ ಕೂತೆ. ಎದುರಿಗೆ ಒಬ್ಬ ಮುದುಕ, ಅವನ ಕಾಲಡಿ ಕರುವಿನಷ್ಟು ದೊಡ್ಡ ನಾಯಿ. ನಾಯಿಗೂ ಟಿಕೆಟ್ಟಿತ್ತು. ಅದು ನನ್ನನ್ನೇ ನೋಡುತ್ತಿತ್ತು, ನಾನು ಕಾಲು ಮೇಲೆತ್ತಿಕೊಂಡು ಕೂತಿದ್ದೆ.

ಬಹಳ ಹೊತ್ತಾದ ಮೇಲೆ ಮುದುಕ ನನ್ನ ಟಿಕೆಟ್ ನೋಡಿ ಗಾಬರಿಯಾದ. ಎರಡು ಅಂಗೈಗಳನ್ನು ಜೋಡಿಸಿ, ನಡುವೆ ಬಿಡಿಸಿ, ಒಂದು ಕೈಯನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಒಯ್ದು ತೋರಿಸಿದ. ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಮುಂದಿನ ನಿಲ್ದಾಣದಲ್ಲಿ ಈ ರೈಲನ್ನು ನಡುವೆ ಕತ್ತರಿಸಿ, ಅರ್ಧವನ್ನು ಒಂದು ಊರಿಗೂ ಉಳಿದರ್ಧವನ್ನು ಇನ್ನೊಂದು ಊರಿಗೂ ಕಳಿಸುತ್ತಾರೆ. ನಾನು ಕೂತದ್ದು ತಪ್ಪು ಅರ್ಧದಲ್ಲಿ.

ನಮ್ಮ ಕಡೆ ಚಿಂತಾಮಣಿಗೆ ಹೋಗುವ ಪುಟ್ಟ ರೈಲು ನೆನಪಾಯಿತು. ಅದು ಏರು ಹತ್ತುವಾಗ ಜನ ಇಳಿದು, ಪಕ್ಕದಲ್ಲಿ ನಡೆದು, ಮತ್ತೆ ಹತ್ತುತ್ತಿದ್ದರು. ಬೈದರೂ ಹೊಗಳಿದರೂ ಅದು ಇಡಿಯಾಗಿಯೇ ಊರು ತಲುಪುತ್ತಿತ್ತು. ಇಲ್ಲಿ ಪ್ಲಾಟ್‌ಫಾರಂ ಮೇಲೆ ಪೆಟ್ಟಿಗೆ ಎಳೆದುಕೊಂಡು, ಸೆರಗು ಬಾಯಲ್ಲಿ ಕಚ್ಚಿಕೊಂಡು ಓಡಿದೆ. ಮುದುಕನೂ ಓಡಿದ, ನಾಯಿಯೂ ಓಡಿತು. ನನ್ನನ್ನು ಸರಿಯಾದ ಡಬ್ಬಿಗೆ ಹತ್ತಿಸಿ ಅವರಿಬ್ಬರೂ ವಾಪಸು ಓಡಿಹೋದರು. ಅವರಿಗೆ ಅವರ ಅರ್ಧ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಫ್ರಾವ್ ಕ್ರೂಗರ್ ಮನೆಯ ಮಧ್ಯಾಹ್ನ

ನನ್ನನ್ನು ಇರಿಸಿದ್ದು ಫ್ರಾವ್, ಅಂದರೆ ಶ್ರೀಮತಿ, ಕ್ರೂಗರ್ ಎಂಬ ವಿಧವೆಯ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಪಿಯಾನೋ ಇತ್ತು. ಆಕೆ ಬೆಳಿಗ್ಗೆ ಎದ್ದ ಕೂಡಲೇ ಕೈ ಕುಲುಕುತ್ತಿದ್ದಳು, ಮಲಗುವ ಮೊದಲು ಮತ್ತೆ ಕುಲುಕುತ್ತಿದ್ದಳು. ಒಂದೇ ಮನೆಯಲ್ಲಿರುವವರಿಗೆ ಇಷ್ಟು ಪರಿಚಯ ಯಾಕೆ ಬೇಕೋ ಎಂದು ನನಗೆ ನಗು. ರಾತ್ರಿಯೂಟಕ್ಕೆ ಒಲೆ ಹಚ್ಚುವುದೇ ಇಲ್ಲ, ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು. ನನ್ನ ಹುರಿಹಿಟ್ಟನ್ನು ಬಿಸಿಹಾಲಿನಲ್ಲಿ ಬೆಲ್ಲ ಹಾಕಿ ಕಲಸಿಕೊಟ್ಟರೆ ಒಂದು ಚಮಚ ತಿಂದು, ಚೆನ್ನಾಗಿದೆ ಎಂದು ಹೇಳಿ, ಬಟ್ಟಲನ್ನು ನನ್ನ ಕಡೆಗೇ ಮೆಲ್ಲಗೆ ತಳ್ಳಿದಳು.

ಮೊದಲ ದಿನ ಮಧ್ಯಾಹ್ನದ ಊಟವಾದ ಮೇಲೆ ಪಿಯಾನೋ ಮುಂದೆ ಕೂತು ನುಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಪಕ್ಕದ ಮನೆಯ ಎತ್ತರದ ಗಂಡಸು. ಸಿಟ್ಟಿಲ್ಲ, ಮಾತಿಲ್ಲ, ತನ್ನ ಕೈಗಡಿಯಾರವನ್ನು ಬೆರಳಿನಿಂದ ಮುಟ್ಟಿ ತೋರಿಸಿ ಹೊರಟುಹೋದ. ಅವನು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಪೊಲೀಸರನ್ನು ಕರೆಯಲು ಹೋದನೆಂದೇ ತಿಳಿದು ಮಂಚದ ಮೇಲೆ ಮುದುರಿ ಕೂತೆ. ಸಂಜೆ ಫ್ರಾವ್ ಕ್ರೂಗರ್ ಬಿಡಿಸಿ ಹೇಳಿದಳು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರೂ ಸದ್ದು ಮಾಡುವಂತಿಲ್ಲ. ವಾದ್ಯ ನುಡಿಸುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಭಾನುವಾರವಂತೂ ಇಡೀ ದಿನ ಇಲ್ಲ.

ನಮ್ಮ ಶಿಡ್ಲಘಟ್ಟದಲ್ಲಿ ನಾನಿರುವ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ರೇಷ್ಮೆ ನೂಲು ಬಿಚ್ಚುವ ಚರಕಗಳು ಕಿರ್ರೆನ್ನುತ್ತವೆ. ಮಸೀದಿಯ ಕೂಗು, ದೇವಸ್ಥಾನದ ಮೈಕು, ರೇಷ್ಮೆಗೂಡಿನ ಚೀಲ ಹೊತ್ತ ಗಾಡಿಗಳ ಗಲಾಟೆ, ಅದರ ನಡುವೆ ಕನ್ನಡ ತೆಲುಗು ಉರ್ದು ಮೂರರಲ್ಲೂ ನಡೆಯುವ ಜಗಳ. ಇಷ್ಟರ ಮಧ್ಯೆ ತಲೆಯೊಳಗೆ ರಾಗ ಕಟ್ಟಿ ಅಭ್ಯಾಸವಾದವಳು ನಾನು. ಆ ಊರಿನ ಮಧ್ಯಾಹ್ನದ ಮೌನದಲ್ಲಿ ನನಗೆ ನನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮಿಸ್ ಕಿವಿಯೊಳಗೂ ಈಗ ಹೀಗೇ ಇದ್ದೀತೇ ಎಂದು ಯೋಚನೆ ಬಂದು ಇನ್ನಷ್ಟು ಹೆದರಿದೆ. ಊರಿಗೆ ವಾಪಸು ಹೋಗುವುದರೊಳಗೆ ಆ ಎಡಗಿವಿ ಮುಚ್ಚಿಹೋದರೆ ನಾನು ಇಲ್ಲಿ ಬರೆದದ್ದನ್ನೆಲ್ಲ ಯಾರಿಗೆ ಕೇಳಿಸಲಿ?

ಲಿಂಡ್ನರ್ ಅವರ ಕೋಣೆ

ನಮಗೆ ಪಾಠ ಹೇಳುವವರು ಲಿಂಡ್ನರ್ ಎಂಬ ಬಿಳಿಗಡ್ಡದ ಮೇಷ್ಟ್ರು. ನಿಧಾನವಾದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಾನು ಬರೆದಷ್ಟನ್ನು ಅವರ ಮುಂದೆ ಇಟ್ಟು ಬಾಗಿಲ ಹತ್ತಿರವೇ ನಿಂತೆ. ಅವರು ನುಡಿಸುತ್ತಾ ಹೋದರು. ನಡುವೆ ಒಮ್ಮೆ ಹುಬ್ಬೇರಿಸಿದರು.

"ರಾಗ ಚೆನ್ನಾಗಿದೆ" ಎಂದರು. "ಆದರೆ ಚೆಲ್ಲೊ ನುಡಿಸುವವಳಿಗೆ ನೀವು ಮೊದಲಿಂದ ಕೊನೆಯವರೆಗೆ ಜಿ ಎಂಬ ಒಂದೇ ಸ್ವರ ಕೊಟ್ಟಿದ್ದೀರಲ್ಲ, ಯಾಕೆ?"

ಚೆಲ್ಲೊ ಎಂದರೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಅದು ಶ್ರುತಿ ಹಿಡಿಯದೆ ಇನ್ನೇನು ಮಾಡುತ್ತದೆ ಎಂದು ನನ್ನ ತಿಳಿವಳಿಕೆ. ನಮ್ಮಪ್ಪನ ಭಜನೆಯಲ್ಲಿ ಶ್ರುತಿಪೆಟ್ಟಿಗೆ ಶುರುವಿನಿಂದ ಮಂಗಳದವರೆಗೆ ಒಂದೇ ಸಮನೆ ಹಿಡಿದೇ ಇರುತ್ತದೆ. ಅದನ್ನು ಲಿಂಡ್ನರ್‌ಗೆ ಹೇಳಿದೆ.

"ಸರಿ. ಪಿಯಾನೋ ಒಂದು ಸಾಲು ನುಡಿಸಿದ ಮೇಲೆ ಪ್ರತಿ ಸಲವೂ ಪಿಟೀಲುಗಳು ಅದನ್ನೇ ತಿರುಗಿ ನುಡಿಸುತ್ತವೆ. ಅದು ಯಾಕೆ?"

ಅದೂ ಭಜನೆಯೇ. ಮುಂದಿನವನು ಹೇಳಿಕೊಡುತ್ತಾನೆ, ಹಿಂದಿನವರು ಹೇಳುತ್ತಾರೆ. ಯಾರಾದರೂ ಚರಣ ಮರೆತು ತಡವರಿಸಿದರೆ ಅಪ್ಪ ತಾಳ ಗಟ್ಟಿಯಾಗಿ ಕುಟ್ಟಿ ಪಲ್ಲವಿ ಎತ್ತಿಬಿಡುತ್ತಾನೆ, ಎಲ್ಲರೂ ದನಿಗೂಡಿಸುತ್ತಾರೆ, ಮರೆತದ್ದು ಯಾರಿಗೂ ತಿಳಿಯುವುದಿಲ್ಲ. ನನ್ನ ರೊಂಡೊ ಪೂರ್ತಿ ಮೇಲೂರಿನ ಶನಿವಾರದ ಭಜನೆಯಾಗಿತ್ತು. ಜರ್ಮನಿಯ ಅಂಗಿ ತೊಡಿಸಿದ್ದೆ, ಅಷ್ಟೇ.

ಲಿಂಡ್ನರ್ ನಗಲಿಲ್ಲ. "ಹಳೆಯ ರೊಂಡೊ ಬರೆದವರು ಊರು ಬಿಟ್ಟು ಹೋಗುತ್ತಿದ್ದರು" ಎಂದರು. "ಜಿ ಮೇಜರ್‌ನಲ್ಲಿ ಶುರು ಮಾಡಿದರೆ ನಡುವೆ ಶ್ರುತಿಯನ್ನೇ ಬದಲಿಸಿ ಬೇರೆ ಕಡೆ ಹೋಗಿ, ಕಷ್ಟಪಟ್ಟು ವಾಪಸು ಬರುತ್ತಿದ್ದರು. ನೀವು ಮನೆಯಿಂದ ಹೊರಗೇ ಕಾಲಿಟ್ಟಿಲ್ಲ. ಮೂರನೆಯ ಭಾಗವನ್ನು ಇ ಫ್ಲಾಟ್ ಮೇಜರ್ ಎಂಬ ದೂರದ ಶ್ರುತಿಯಲ್ಲಿ ಬರೆದು ತನ್ನಿ. ಬರೆಯದಿದ್ದರೆ ಇದು ರೊಂಡೊ ಆಗುವುದಿಲ್ಲ, ಆಗದಿದ್ದರೆ ನುಡಿಸಲು ಬಿಡುವುದಿಲ್ಲ."

ನಮ್ಮ ಮನೆಯಲ್ಲಿ ಶ್ರುತಿ ಬಿಟ್ಟೆ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಆ ಮಾತಿಗೆ ಹೆದರಿಯೇ ನನ್ನ ಕಿವಿ ಬೆಳೆದದ್ದು. ಈಗ ಬೇಕೆಂದೇ ಬಿಡು ಎನ್ನುತ್ತಿದ್ದಾರೆ. ನದಿ ದಂಡೆಯಲ್ಲಿ ನಡೆಯುತ್ತಾ ಎರಡು ಸಲ ಊರು ಬಿಟ್ಟು ಓಡಿಹೋಗುವ ಯೋಚನೆ ಮಾಡಿದೆ. ಆದರೆ ಹೋಗಲು ಮತ್ತೆ ಆ ತುಂಡಾಗುವ ರೈಲು ಹತ್ತಬೇಕಲ್ಲ ಎಂದು ಸುಮ್ಮನಾದೆ.

ಇ ಫ್ಲಾಟ್‌ಗೆ ಹೋಗುವುದು ಕಷ್ಟವಾಗಲಿಲ್ಲ, ಧುಮುಕಿಬಿಟ್ಟರೆ ಆಯಿತು. ಬರೆದು ನುಡಿಸಿದಾಗ ಮೈ ಜುಮ್ಮೆಂದಿತು. ಅದೇ ಪಿಯಾನೋ, ಆದರೆ ಬೆಳಕು ಬೇರೆ, ಗಾಳಿ ಬೇರೆ. ಕಷ್ಟವಿದ್ದದ್ದು ಅಲ್ಲಿಂದ ವಾಪಸು ಬರುವುದರಲ್ಲಿ. ಮನೆಗೆ ಬರುವ ಆ ಸ್ವರಗಳ ದಾರಿಯನ್ನು ಬರೆದೆ, ಹರಿದೆ, ಮತ್ತೆ ಬರೆದೆ. ಒಂದು ಸಲ ಅದು ಸಿ ಮೇಜರ್‌ಗೆ ಹೋಗಿ ನಿಂತಿತು, ಇನ್ನೊಂದು ಸಲ ಎಲ್ಲಿಗೂ ಹೋಗಲಿಲ್ಲ. ಕೊನೆಗೆ ಎರಡು ಕೈಗೂ ಬಿಡುವಿಲ್ಲದ ಓಟದ ಸ್ವರಗಳ ಒಂದು ಪುಟ ಸಿದ್ಧವಾಯಿತು. ಲಿಂಡ್ನರ್ ಅದನ್ನು ನೋಡಿ ತಲೆಯಾಡಿಸಿದರು. ಬರೆದವಳು ನಾನೇ ಆದರೂ ಆ ಪುಟ ಕಂಡರೆ ನನಗೆ ಜ್ವರ ಬರುತ್ತಿತ್ತು.

ತಾಲೀಮು

ತಂತಿವಾದ್ಯದವರು ನಾಲ್ವರು. ಅವರಲ್ಲಿ ನನಗೆ ಹತ್ತಿರವಾದವಳು ಚೆಲ್ಲೊ ನುಡಿಸುವ ಉಲ್ರಿಕೆ. ಕತ್ತರಿಸಿದ ಕೂದಲು, ದೊಡ್ಡ ಕೈಗಳು. ನಾನು ಕೊಟ್ಟಿದ್ದ ಮೊದಲ ಹಾಳೆಯನ್ನು ಅವಳು ಇಟ್ಟುಕೊಂಡಿದ್ದಳು. "ಇದರಲ್ಲಿ ನಾನು ಬಾಗಿಲ ಗಂಟೆಯಾಗಿದ್ದೆ, ಯಾರೋ ಒತ್ತಿ ಕೈ ತೆಗೆಯುವುದನ್ನೇ ಮರೆತ ಗಂಟೆ" ಎಂದು ಎಲ್ಲರಿಗೂ ತೋರಿಸಿ ನಗುತ್ತಿದ್ದಳು. ಹೊಸ ಹಾಳೆ ಕೊಟ್ಟಾಗ, ಈಗ ಕೆಲಸ ಸಿಕ್ಕಿತು ಎಂದು ಕೈ ಕುಲುಕಿದಳು.

ತಾಲೀಮಿನಲ್ಲಿ ಆ ಪುಟ ಬಂದಾಗಲೆಲ್ಲ ನನ್ನ ಬೆರಳು ಕಟ್ಟಿಹೋಗುತ್ತಿತ್ತು. ನಾನು ನಿಂತರೆ ನಾಲ್ವರೂ ನಿಂತು ಕಾಯುತ್ತಿದ್ದರು. ಅವರು ಕಾಯುವ ರೀತಿಯೇ ಭಯಂಕರ. ಕೆಮ್ಮುವುದಿಲ್ಲ, ಗೊಣಗುವುದಿಲ್ಲ, ಬಿಲ್ಲು ಮಂಡಿಯ ಮೇಲಿಟ್ಟುಕೊಂಡು ನೋಡುತ್ತಾರೆ. ನಮ್ಮ ಕಡೆಯಾಗಿದ್ದರೆ ಇಷ್ಟರಲ್ಲಿ ಯಾರಾದರೂ ಏನಾದರೊಂದು ಮಾತು ಎತ್ತಿ ಟೀ ತರಿಸುತ್ತಿದ್ದರು.

ಕೊನೆಯ ದಿನದ ಹಿಂದಿನ ಸಂಜೆ ಲಿಂಡ್ನರ್ ಎಲ್ಲರನ್ನೂ ಕೂರಿಸಿ ಹೇಳಿದರು: "ಸಭಾಂಗಣ ಒಂದು ಸಂಜೆ ಮಾತ್ರ ಸಿಗುತ್ತದೆ. ಪ್ರತಿಯೊಂದನ್ನೂ ಒಂದೇ ಸಲ ನುಡಿಸುವುದು, ಒಂದೇ ಸಲ ಕ್ಯಾಸೆಟ್ಟಿಗೆ ಹಿಡಿಯುವುದು. ನಡುವೆ ನಿಂತುಹೋದದ್ದನ್ನು ಅಳಿಸಿಬಿಡುತ್ತೇವೆ."

ಹೇಳುವಾಗ ಅವರು ನನ್ನನ್ನು ನೋಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಚರ್ಚಿನ ಹಿಂದಿನ ಸಭಾಂಗಣ

ಹಲಗೆ ನೆಲದ ಉದ್ದನೆಯ ಕೋಣೆ. ಊರಿನ ಜನವೆಲ್ಲ ಬಂದಿದ್ದರು. ಕೈಗಡಿಯಾರ ತೋರಿಸಿದ ಪಕ್ಕದ ಮನೆಯವನು ಮೊದಲ ಸಾಲಿನಲ್ಲೇ ಕೂತಿದ್ದ. ನಾನು ಅಮ್ಮನ ಶಿಡ್ಲಘಟ್ಟ ನೂಲಿನ ಸೀರೆ ಉಟ್ಟು, ಬೆವರುವ ಅಂಗೈಯನ್ನು ಅದಕ್ಕೇ ಒರೆಸಿಕೊಳ್ಳುತ್ತಾ ಪಿಯಾನೋ ಮುಂದೆ ಕೂತೆ.

ಮೊದಲ ಸಲ ರಾಗ ಬಂತು, ಪಿಟೀಲುಗಳು ತೆಗೆದುಕೊಂಡವು. ಹೊರಗೆ ಹೋದೆವು, ವಾಪಸು ಬಂದೆವು. ಎರಡನೆಯ ಸಲವೂ ಸರಿಹೋಯಿತು. ಮೂರನೆಯ ಭಾಗ, ಇ ಫ್ಲಾಟ್. ನನಗೆ ತುಸು ಧೈರ್ಯ ಬಂದಿತ್ತೆಂದೇ ಹೇಳಬೇಕು. ಪುಟ ತಿರುಗಿಸುವ ಜಾಗ ಬಂದಾಗ ಎಡಗೈ ಚಾಚಿದೆ. ಬೆವರಿಗೆ ಹಾಳೆ ಬೆರಳಿಗೆ ಅಂಟಿಕೊಂಡಿತು. ಕೊಡವಿದೆ. ಅದು ಹಾರಿ, ತೇಲಿ, ಪಿಯಾನೋ ಕೆಳಗೆ ಜಾರಿಹೋಯಿತು.

ಆ ಹಾಳೆಯೇ ಮನೆಗೆ ಬರುವ ದಾರಿ. ನಾನೇ ಬರೆದದ್ದು, ನೂರು ಸಲ ನುಡಿಸಿದ್ದು. ಒಂದು ಸ್ವರವೂ ನೆನಪಿಗೆ ಬರಲಿಲ್ಲ. ತಲೆ ತೊಳೆದಿಟ್ಟ ಪಾತ್ರೆಯ ಹಾಗಾಗಿತ್ತು. ನಾಲ್ವರೂ ಉದ್ದನೆಯ ಸ್ವರ ಹಿಡಿದುಕೊಂಡು ನಾನು ಹೊರಡುವುದನ್ನು ಕಾಯುತ್ತಿದ್ದರು. ಆ ಸ್ವರ ಮುಗಿದರೆ ಎಲ್ಲ ಮುಗಿದ ಹಾಗೆ. ಕ್ಯಾಸೆಟ್ ಅಳಿಸುತ್ತಾರೆ. ಬರಿಗೈಯಲ್ಲಿ ಹೋಗಿ ಮಿಸ್ ಎದುರು ನಿಲ್ಲಬೇಕು. ನನಗೆ ಅಷ್ಟು ಭಯ ಜೀವನದಲ್ಲಿ ಹಿಂದೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆಗ ನನ್ನ ಕೈ ಅಪ್ಪ ಮಾಡುವುದನ್ನು ಮಾಡಿತು. ಪಲ್ಲವಿ ಎತ್ತಿತು. ಜಿ ಮೇಜರ್‌ನಲ್ಲಿ ಅಲ್ಲ, ಅಲ್ಲಿಗೆ ಹೋಗಲು ದಾರಿಯೇ ಇರಲಿಲ್ಲವಲ್ಲ. ನಿಂತಲ್ಲೇ, ಆ ಪರದೇಶದ ಇ ಫ್ಲಾಟ್‌ನಲ್ಲೇ, ಮೊದಲ ರಾಗವನ್ನು ಪೂರ್ತಿ ದನಿಯಲ್ಲಿ ಬಡಿದೆ.

ಉಲ್ರಿಕೆ ತಟ್ಟನೆ ತಲೆಯೆತ್ತಿ ನೋಡಿದಳು. ಅವಳ ಹಾಳೆಯಲ್ಲಿ ಅದು ಇರಲಿಲ್ಲ, ಯಾರ ಹಾಳೆಯಲ್ಲೂ ಇರಲಿಲ್ಲ. ಆದರೆ ಆ ರಾಗ ಅಷ್ಟು ದಿನದ ತಾಲೀಮಿನಲ್ಲಿ ಅವರಿಗೆ ಬಾಯಿಪಾಠವಾಗಿತ್ತು. ನಾನು ಸಾಲು ಮುಗಿಸುವಷ್ಟರಲ್ಲಿ ಮೊದಲ ಪಿಟೀಲಿನವನು ಅದೇ ಶ್ರುತಿಯಲ್ಲಿ ಅದೇ ಸಾಲನ್ನು ಎತ್ತಿಕೊಂಡ. ಉಳಿದ ಇಬ್ಬರು ಕೂಡಿಕೊಂಡರು. ಉಲ್ರಿಕೆ ಮಂದ್ರದಲ್ಲಿ ಇ ಫ್ಲಾಟ್ ಒಂದನ್ನೇ ಹಿಡಿದುಕೊಂಡಳು, ಶ್ರುತಿಪೆಟ್ಟಿಗೆಯ ಹಾಗೆ.

ಸಾಲು ಮುಗಿಯಿತು. ಮುಂದೇನು ಎಂದು ನನಗೆ ಗೊತ್ತಿರಲಿಲ್ಲ. ಉಲ್ರಿಕೆ ನನ್ನನ್ನೇ ನೋಡುತ್ತಾ, ತನ್ನ ಬೆರಳನ್ನು ತಂತಿಯ ಮೇಲೆ ಒಂದು ಕೂದಲೆಳೆಯಷ್ಟು ಜಾರಿಸಿದಳು. ಇ ಫ್ಲಾಟ್‌ನಿಂದ ಅರ್ಧ ಮೆಟ್ಟಿಲು ಇಳಿದರೆ ಡಿ. ಡಿ ಎಂದರೆ ಜಿ ಮೇಜರ್ ಮನೆಯ ಜಗಲಿ. ನಾನು ಹಾಳೆ ತುಂಬ ಓಡಿ ಓಡಿ ಬರೆದ ದಾರಿ ಅಷ್ಟು ಹತ್ತಿರದಲ್ಲಿತ್ತು. ಅವಳ ಹಿಂದೆಯೇ ನಾನೂ ಇಳಿದೆ, ಒಳಗೆ ಹೋದೆ, ಕೊನೆಯವರೆಗೂ ನುಡಿಸಿದೆ.

ಮುಗಿದ ಕೂಡಲೇ ಜನ ಕಾಲಿನಿಂದ ನೆಲ ಒದೆಯತೊಡಗಿದರು. ಹಲಗೆ ನೆಲ ಗುಡುಗಿದ ಹಾಗಾಯಿತು. ಗಲಾಟೆ ಶುರುವಾಯಿತೆಂದು ನಾನು ಪಿಯಾನೋ ಹಿಂದಕ್ಕೆ ಸರಿದೆ. ಮೆಚ್ಚಿದರೆ ಹೀಗೇ ಒದೆಯುತ್ತಾರೆಂದು ಉಲ್ರಿಕೆ ತೋಳು ಹಿಡಿದು ಮುಂದಕ್ಕೆ ತಂದಳು. ಪಕ್ಕದ ಮನೆಯವನು ಎಲ್ಲರಿಗಿಂತ ಜೋರಾಗಿ ಒದೆಯುತ್ತಿದ್ದ.

ಲಿಂಡ್ನರ್ ಬಂದು ಎರಡೂ ಕೈ ಹಿಡಿದರು. "ತಪ್ಪು ಮನೆಯ ಬಾಗಿಲು ತಟ್ಟಿ, ಆಮೇಲೆ ಸರಿಯಾದ ಮನೆಗೆ ಬರುವುದು. ಹಳಬರು ಬಹಳ ಪ್ರೀತಿಯಿಂದ ಮಾಡುತ್ತಿದ್ದ ಆಟ ಅದು. ನೀವು ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದಿರಿ."

"ಇಲ್ಲ ಸರ್, ಹಾಳೆ ಬಿದ್ದುಹೋಯಿತು" ಎಂದೆ. ಅವರು ಗಡ್ಡ ಅಲುಗಾಡಿಸಿ ನಕ್ಕರು, ನಂಬಲಿಲ್ಲ. ಉಲ್ರಿಕೆಯೂ ನಂಬಲಿಲ್ಲ. ಇನ್ನೊಮ್ಮೆ ಇಂಥ ತಮಾಷೆ ಮಾಡುವುದಿದ್ದರೆ ಮೊದಲೇ ಹೇಳು ಎಂದಳು. ಪಿಯಾನೋ ಕೆಳಗೆ ಬಗ್ಗಿ ಹಾಳೆ ಎತ್ತಿ ತೋರಿಸಿದರೂ ಎಲ್ಲರೂ ನಗುತ್ತಲೇ ಇದ್ದರು.

ಎಕ್ಸ್‌ರೇ ಯಂತ್ರದ ಮುಂದೆ

ವಾಪಸು ಬರುವಾಗ ಕ್ಯಾಸೆಟ್ಟನ್ನು ಪೆಟ್ಟಿಗೆಯಲ್ಲಿಡದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದಲ್ಲಿ ಹೋದರೆ ಕ್ಯಾಸೆಟ್ ಅಳಿಸಿಹೋಗುತ್ತದೆಂದು ಶಿಬಿರದಲ್ಲಿ ಯಾರೋ ಹೇಳಿದ್ದರು. ಹೌದೋ ಸುಳ್ಳೋ, ಹೇಳಿದವರು ಹೇಳಿ ಹೋದರು, ನಿದ್ದೆ ಕೆಟ್ಟದ್ದು ನನ್ನದು. ಅಲ್ಲಿ ನಿಂತಿದ್ದವನಿಗೆ ಕೈಮುಗಿದೆ, ಎದೆಗೆ ಒತ್ತಿಕೊಂಡೆ, ಇದು ಬೇಡ ಎಂದು ತಲೆಯಾಡಿಸಿದೆ. ಅವನು ನಯವಾಗಿಯೇ ತೆಗೆದುಕೊಂಡು ಯಂತ್ರದ ಬಾಯಿಗೆ ಹಾಕಿದ. ಆಚೆ ಬದಿಯಲ್ಲಿ ಅದು ಏನೂ ಆಗದಂತೆ ಹೊರಬಂತು. ನೋಡುವುದಕ್ಕೆ ಹಾಗೆಯೇ ಇತ್ತು. ಒಳಗೆ ರೊಂಡೊ ಇದೆಯೋ, ಬರೀ ಸೊಯ್ಯೆನ್ನುವ ಸದ್ದು ಉಳಿದಿದೆಯೋ ಯಾರಿಗೆ ಗೊತ್ತು.

ಮೇಲೂರಿಗೆ ಬಂದ ಮೇಲೂ ಹಾಕಿ ನೋಡಲಿಲ್ಲ. ಅಪ್ಪ ಎರಡು ಸಲ ಕೇಳಿದ. "ಅದೇನ್ ಪಾಪ, ಹಾಕು ಕೇಳಣ. ಅಷ್ಟ್ ದೂರದಿಂದ ತಂದಿದೀಯಾ, ಕೈಯಲ್ಲಿ ಹಿಡ್ಕೊಂಡ್ ಕೂತಿದೀಯಲ್ಲ."

"ಮೊದ್ಲು ಮಿಸ್ ಕೇಳ್ಲಿ ಅಪ್ಪ" ಎಂದೆ. ಅಳಿಸಿಹೋಗಿದ್ದರೆ ಅದು ಒಂದು ದಿನ ತಡವಾಗಿ ಗೊತ್ತಾಗಲಿ ಎಂಬುದೇ ನಿಜವಾದ ಕಾರಣ.

ಮತ್ತೆ ಮಿಷನ್ ಕಾಂಪೌಂಡು

ಮಿಸ್ ಮನೆಯ ಬಾಗಿಲು ಬಡಿದೆ. ತೆರೆಯಲಿಲ್ಲ. ಮತ್ತೆ ಬಡಿದೆ. ಕಿಟಕಿಯಲ್ಲಿ ಇಣುಕಿದರೆ ಮಿಸ್ ಒಳಗೆ ಊಟದ ಮೇಜಿನ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕಿಟಕಿಯಿಂದ ಕೈ ಬೀಸಿದ ಮೇಲೆ ಎದ್ದುಬಂದು ಬಾಗಿಲು ತೆಗೆದರು.

"ಬಡಿದ್ಯಾ? ಬಾಗ್ಲು ಸದ್ದು ಈಗ ಗೊತ್ತಾಗಲ್ಲ ಕಣೇ" ಎಂದರು. ಮುಖ ಇಳಿದಿತ್ತು. "ಇಷ್ಟ್ ಹತ್ರ ಬಂದು ಹೇಳಿದ್ರೆ ಗೊತ್ತಾಗತ್ತೆ. ತಂದ್ಯಾ?"

ಅವರ ಟೇಪ್‌ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಬೆಳ್ಳುಳ್ಳಿ ಪಕ್ಕಕ್ಕೆ ಸರಿಸಿದೆ. ಮಿಸ್ ತಲೆ ಬಾಗಿಸಿ ಎಡಗಿವಿಯನ್ನು ಅದರ ಜಾಲರಿಗೆ ತಾಗಿಸಿ ಕಣ್ಣು ಮುಚ್ಚಿಕೊಂಡರು. ನಾನು ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಪ್ಲೇ ಒತ್ತಿದೆ. ಸೊಯ್ ಎಂಬ ಸದ್ದು. ಅದು 'ಸೊಯ್' ಎನ್ನುತ್ತಲೇ ಇತ್ತು. ನಾನು ದೇವರನ್ನು ಕರೆದೆ, ಮಿಸ್ ಅವರ ದೇವರನ್ನೂ ಕರೆದೆ. ಆಮೇಲೆ ಪಿಯಾನೋ ಬಂತು.

ಮೊದಲ ಸಲ ರಾಗ ಬಂದು ಹೋಯಿತು. ಮಿಸ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಎರಡನೆಯ ಸಲವೂ ಬಂದುಹೋಯಿತು. ಕೇಳಿಸುತ್ತಿದೆಯೇ ಇಲ್ಲವೇ ಎಂದು ನನಗೆ ತಿಳಿಯಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಇ ಫ್ಲಾಟ್ ಬಂತು. ನಾಲ್ವರು ಹಿಡಿದ ಉದ್ದನೆಯ ಸ್ವರ ಬಂತು. ಆಮೇಲೆ ನಾನು ಪಲ್ಲವಿ ಬಡಿದ ಸದ್ದಿಗೆ ಆ ಸಣ್ಣ ಪೆಟ್ಟಿಗೆ ಅದುರಿತು. ಮಿಸ್ ಕಣ್ಣು ತೆರೆದು ನನ್ನನ್ನು ನೋಡಿದರು. ಹಾಗೇ ನೋಡುತ್ತಾ ಕೊನೆಯವರೆಗೂ ಕಿವಿ ತೆಗೆಯದೆ ಕೂತಿದ್ದರು.

"ಅಲ್ಲಿ ಏನಾಯ್ತು?" ಎಂದು ಕೇಳಿದರು.

"ಎಲ್ಲಿ ಮಿಸ್?" ಎಂದೆ ಅವರ ಕಿವಿಯ ಹತ್ತಿರ ಬಗ್ಗಿ. "ಅಲ್ಲಿಯ ಮೇಷ್ಟ್ರು ಆ ಜಾಗಾನೇ ತುಂಬ ಮೆಚ್ಕೊಂಡ್ರು."

"ಮೆಚ್ಕೊಂಡಿರ್ತಾರೆ. ಅವ್ರಿಗೆ ನೀನ್ ಗೊತ್ತಿಲ್ವಲ್ಲ." ಮಿಸ್ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. "ಹೆದ್ರಿದಾಗ್ಲೆಲ್ಲ ನೀನು ಜೋರಾಗಿ ನುಡಿಸ್ತೀಯಾ. ಫ್ರಾಕ್ ಹಾಕ್ಕೊಂಡ್ ಬರ್ತಿದ್ದಾಗಿಂದ್ಲೂ ಅಷ್ಟೇ. ತುಂಬ ಹೆದರಿದ್ಯಾ?"

"ಹೂಂ ಮಿಸ್" ಎಂದೆ. ಅಳು ಬಂತು. "ಹಾಳೆ ಬಿದ್ದೋಯ್ತು. ಏನೂ ನೆನಪಾಗ್ಲಿಲ್ಲ."

"ಆದ್ರೂ ಮುಗಿಸ್ದೆ."

"ಮುಗಿಸ್ದೆ."

ಆಮೇಲೆ ಮಿಸ್ ಮೊದಲ ಸಲ ದನಿ ತಗ್ಗಿಸಿ ಹೇಳಿದರು. "ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ ಪದ್ಮಾ. ಮೊದಲ್ನೇದು, ಕೊನೇದು, ಮೆತ್ತಗಿರೋದು ಯಾವ್ದೂ ನಂಗೆ ಕೇಳಿಸ್ಲಿಲ್ಲ. ನೀನ್ ಹೆದರಿದ್ ಜಾಗ ಒಂದೇ ಕೇಳಿಸಿದ್ದು. ಅದು ಮಾತ್ರ ಪೂರ್ತಿ ಕೇಳಿಸ್ತು."

ಸದ್ದಿನ ಗುಂಡಿ ಆಗಲೇ ಕೊನೆ ಮುಟ್ಟಿತ್ತು. ಅದನ್ನು ಇನ್ನು ತಿರುಗಿಸಲು ಬರುತ್ತಿರಲಿಲ್ಲ.

"ಅಲ್ಲಿಂದ್ಲೇ ಹಾಕು" ಎಂದು ಮಿಸ್ ಮತ್ತೆ ತಲೆ ಬಾಗಿಸಿ ಕಿವಿ ತಾಗಿಸಿದರು.

ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಹಾಳೆ ಬಿದ್ದ ಜಾಗ ಹುಡುಕಿ, ಅಲ್ಲಿಂದ ಹಾಕಿದೆ.